ಹಬ್‌ನಿಂದ ಎಣ್ಣೆ ಬಂದರೆ ಬರೀ ಸೀಲ್ ಬದಲಿಸಬೇಡಿ

ನಮ್ಮ ಲಾರಿಯಲ್ಲಿ ಮೂರು ತಿಂಗಳಲ್ಲಿ ಒಂದೇ ಜಾಗದ ಆಯಿಲ್ ಸೀಲ್ (ಎಣ್ಣೆ ಹೊರಗೆ ಬರದ ಹಾಗೆ ತಡೆಯುವ ಬಳೆ) ಮೂರು ಸಲ ಹೋಯಿತು. ಎಡಗಡೆ ಹಿಂದಿನ ಚಕ್ರದ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ. ಮೊದಲ ಸಲ ಹೋದಾಗ ಹಳೇ ಗಾಡಿ ಅಲ್ವಾ, ಸೀಲ್ ಹೋಗುತ್ತೆ ಅಂದುಕೊಂಡೆ. ಎರಡನೇ ಸಲ ಸೀಲ್ ಡೂಪ್ಲಿಕೇಟ್ ಇರಬೇಕು ಅಂದುಕೊಂಡೆ. ಮೂರನೇ ಸಲ ಶಿರಾಡಿ ಘಾಟ್ ಇಳಿಯುವಾಗ ಬ್ರೇಕ್ ತುಳಿದರೆ ಗಾಡಿ ಬಲಕ್ಕೆ ಎಳೆಯಿತು. ಅವತ್ತು ನಿಜಕ್ಕೂ ಹೆದರಿಕೆ ಆಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 1999ರ ಮಾಡೆಲ್ ಟಾಟಾ 1613. ಅಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಸೀಸನ್‌ನಲ್ಲಿ ಹಿರಿಯೂರು, ಚಳ್ಳಕೆರೆ ಕಡೆಯಿಂದ ಯಶವಂತಪುರಕ್ಕೆ ಈರುಳ್ಳಿ ಹೊಡೆಯುತ್ತೇವೆ, ಸೀಸನ್ ಇಲ್ಲದಾಗ ಮಂಗಳೂರಿಗೆ ಸಿಕ್ಕಿದ ಲೋಡ್. ಎಂಜಿನ್ ಇವತ್ತಿಗೂ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಈ ಗಾಡಿಯಿಂದಲೇ ನನ್ನ ತಂಗಿಯ ಮದುವೆ ಆಗಿದೆ, ಹಾಗಾಗಿ ಇದನ್ನು ಗುಜರಿಗೆ ಹಾಕು ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಅವತ್ತು ಶಿರಾಡಿಯಲ್ಲಿ ಆಗಿದ್ದು ಇಷ್ಟು. ಎಡಗಡೆ ಬ್ರೇಕ್ ಡ್ರಮ್ಮಿನೊಳಗೆ ಎಣ್ಣೆ ಇಳಿದು, ಡ್ರಮ್ಮನ್ನು ಉಜ್ಜಿ ಹಿಡಿಯುವ ಲೈನರ್ ನೆನೆದಿತ್ತು. ನೆನೆದ ಲೈನರ್ ಜಾರುತ್ತದೆ, ಹಿಡಿಯುವುದಿಲ್ಲ. ಬಲಗಡೆ ಸರಿಯಾಗಿ ಹಿಡಿಯುತ್ತದೆ. ಆಗ ಗಾಡಿ ಹಿಡಿಯುವ ಕಡೆಗೇ ತಿರುಗುತ್ತದೆ. ಇಳಿಜಾರಿನಲ್ಲಿ, ಎದುರಿಗೆ ಬಸ್ಸು ಬರುತ್ತಿರುವಾಗ ಬಲಕ್ಕೆ ಎಳೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಎರಡನೇ ಗೇರಿಗೆ ಇಳಿಸಿ, ಎಂಜಿನ್ ಮೇಲೇ ಹಿಡಿದುಕೊಂಡು, ಗುಂಡ್ಯದ ಹತ್ತಿರ ಅಗಲ ಜಾಗ ಸಿಕ್ಕ ಕೂಡಲೇ ನಿಲ್ಲಿಸಿದೆ. ಒಳಗಿನ ಟೈರಿನ ಗೋಡೆ ಮೇಲೆ, ರಿಮ್ಮಿನಿಂದ ಹೊರಕ್ಕೆ ಚೆಲ್ಲಿದ ಹಾಗೆ ಕಪ್ಪು ಗೆರೆಗಳು. ಸುಟ್ಟ ವಾಸನೆ. ಅಂಗೈ ತಿರುಗಿಸಿ ಕೈಯ ಹಿಂಭಾಗವನ್ನು ಹಬ್ಬಿನ ಹತ್ತಿರ ಹಿಡಿದೆ, ಮುಟ್ಟುವುದಕ್ಕೇ ಆಗಲಿಲ್ಲ. ಬಲಗಡೆಯದು ಬಿಸಿ ಇತ್ತು, ಆದರೆ ಮುಟ್ಟಬಹುದಿತ್ತು.

ಲೋಡ್ ಇಳಿಸಿ, ಖಾಲಿ ಗಾಡಿಯನ್ನು ಮೂವತ್ತರಲ್ಲಿ ಓಡಿಸಿಕೊಂಡು ಬಂದು, ಅಪ್ಪನ ಕಾಲದ ಮೇಸ್ತ್ರಿ ಹತ್ತಿರ ನಿಲ್ಲಿಸಿದೆ. ಮೊದಲ ಎರಡು ಸಲ ನಾನು ರಸ್ತೆ ಬದಿಯಲ್ಲಿ ಬೇರೆ ಕಡೆ ಮಾಡಿಸಿದ್ದೆ, ಟೈಮ್ ಇರಲಿಲ್ಲ ಅಂತ. ಮೇಸ್ತ್ರಿ ಚಕ್ರದ ಹತ್ತಿರ ಹೋಗಲೇ ಇಲ್ಲ. ಗಾಡಿ ಇನ್ನೂ ಬಿಸಿ ಇತ್ತು. ಒಂದು ಸ್ಪ್ಯಾನರ್ ತಗೊಂಡು ಕೆಳಗೆ ನುಸುಳಿ, ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ, ಗೇರು ಮತ್ತು ಎಣ್ಣೆ ಇರುವ ಪೆಟ್ಟಿಗೆ) ಮೇಲಿದ್ದ ಒಂದು ಸಣ್ಣ ಟೋಪಿಯಂಥದ್ದನ್ನು ಸಡಿಲ ಮಾಡಿದರು. ಉಸ್ಸ್ ಅಂತ ಗಾಳಿ ಹೊರಗೆ ಬಂತು. ಟೈರಿನ ವಾಲ್ವ್ ಒತ್ತಿದ ಹಾಗೆ. ಅಷ್ಟು ಸ್ಪಷ್ಟವಾಗಿ.

"ಸೀಲಿಗೇನೂ ಆಗಿಲ್ಲ ಕಣಪ್ಪ. ಗಾಡಿಗೆ ಉಸಿರು ಕಟ್ಟಿದೆ" ಅಂದರು.

ಆ ಟೋಪಿಗೆ ಬ್ರೀದರ್ ಅಂತಾರೆ, ಹೌಸಿಂಗ್ ಒಳಗಿನ ಗಾಳಿ ಹೊರಗೆ ಹೋಗಿ ಬರುವ ದಾರಿ. ಅದರ ತುಂಬ ಪೇಂಟ್ ಗಟ್ಟಿಯಾಗಿತ್ತು. ಆಯುಧಪೂಜೆಗೆ ಮುಂಚೆ ಗಾಡಿಗೆ ಕೆಳಗಿಂದ ಮೇಲಿನವರೆಗೆ ಪೇಂಟ್ ಹೊಡೆಸಿದ್ದೆ. ಚಾಸಿಸ್, ಪಾಟಾ (ಸ್ಪ್ರಿಂಗ್ ಪಟ್ಟಿ), ಹೌಸಿಂಗ್ ಎಲ್ಲಾ ಕಪ್ಪು. ಗನ್ ಹಿಡಿದವನಿಗೆ ಅದು ಬ್ರೀದರ್ ಅಂತ ಹೇಗೆ ಗೊತ್ತಾಗಬೇಕು, ಹೇಳಬೇಕಾಗಿದ್ದವನು ನಾನು. ಎಣ್ಣೆ ಸೋರಲು ಶುರುವಾಗಿದ್ದು ಅದಾದ ಒಂದು ತಿಂಗಳಿಗೆ. ನಾನು ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯೋಚನೆಯನ್ನೇ ಮಾಡಿರಲಿಲ್ಲ.

ಇದರ ಲೆಕ್ಕ ಸುಲಭ. ಹೌಸಿಂಗ್ ಒಳಗೆ ಅರ್ಧದಷ್ಟು ಕ್ರೌನ್ ಎಣ್ಣೆ (ಚಕ್ರ ತಿರುಗಿಸುವ ಕ್ರೌನ್ ಗೇರಿಗೆ ಹಾಕುವ ಎಣ್ಣೆ), ಉಳಿದದ್ದು ಗಾಳಿ. ಬೆಳಿಗ್ಗೆ 30 ಡಿಗ್ರಿ ಇದ್ದದ್ದು ಘಾಟಿನಲ್ಲಿ ಲೋಡ್ ಎಳೆದಾಗ 90 ಡಿಗ್ರಿಗೆ ಹೋಯಿತು ಅಂದುಕೊಳ್ಳಿ. ಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಒಳಗಿನ ಒತ್ತಡ ಐದನೇ ಒಂದು ಭಾಗ ಜಾಸ್ತಿ ಆಗುತ್ತದೆ, ಅಂದರೆ ಹತ್ತಿರ ಹತ್ತಿರ 3 ಪಿಎಸ್‌ಐ. ಟೈರಿಗೆ ಅದು ಏನೂ ಅಲ್ಲ. ಆದರೆ ಆಯಿಲ್ ಸೀಲ್ ಅಂದರೆ ಒಂದು ತೆಳು ರಬ್ಬರ್ ತುಟಿ, ಅದರ ಹಿಂದೆ ಕೂದಲಿನಷ್ಟು ಸಣ್ಣ ತಂತಿಯ ಸ್ಪ್ರಿಂಗ್. ಎಣ್ಣೆ ಅದಾಗಿ ಹರಿದು ಬಂದರೆ ತಡೆಯುತ್ತದೆ. ಹಿಂದಿನಿಂದ ಗಾಳಿ ತಳ್ಳಿಕೊಂಡು ಬಂದರೆ, ಅದೂ ದಿನಗಟ್ಟಲೆ, ಎಷ್ಟು ಅಂತ ತಡೆಯುತ್ತದೆ? ರಾತ್ರಿ ಗಾಡಿ ತಣ್ಣಗಾದಾಗ ಇದು ಉಲ್ಟಾ. ಒಳಗೆ ಗಾಳಿ ಕುಗ್ಗುತ್ತದೆ, ಅದೇ ತುಟಿಯ ಸಂದಿನಿಂದ ಹೊರಗಿನ ಧೂಳು, ನೀರು ಒಳಗೆ ಎಳೆದುಕೊಳ್ಳುತ್ತದೆ.

ಹಾಗಾದರೆ ಎಡಗಡೆಯೇ ಯಾಕೆ, ಬಲಗಡೆ ಯಾಕಿಲ್ಲ ಅಂತ ಕೇಳಿದೆ. ಮೇಸ್ತ್ರಿ ಮೂರು ಕಾರಣ ಹೇಳಿದರು, ಒಂದನ್ನು ಅಲ್ಲೇ, ಉಳಿದ ಎರಡನ್ನು ಬಿಚ್ಚಿದ ಮೇಲೆ. ಅಲ್ಲೇ ಹೇಳಿದ್ದು ರಸ್ತೆ. ನಾವು ಎಡಕ್ಕೆ ಓಡಿಸುವವರು, ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ. ಗಾಡಿ ಸದಾ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಓಡುತ್ತದೆ, ಒಳಗಿನ ಎಣ್ಣೆಯೂ ಎಡಕ್ಕೇ ಬರುತ್ತದೆ.

ಬಿಚ್ಚುವ ಕೆಲಸ ಮಾರನೇ ದಿನ ಬೆಳಿಗ್ಗೆ. ನಾನೂ ಜೊತೆಗೆ ಕೂತು ಮಾಡಿದೆ.

ಜಾಕಿ ಹಾಕುವ ಮುಂಚೆ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ದಿಮ್ಮಿ ಕೊಡಿ. ಗೇರಿನಲ್ಲಿ ಇದೆ, ಗಾಡಿ ಹೋಗಲ್ಲ ಅಂತ ನಂಬಬೇಡಿ. ಒಂದು ಕಡೆಯ ಆಕ್ಸಲ್ (ಕ್ರೌನಿನಿಂದ ಚಕ್ರಕ್ಕೆ ಹೋಗುವ ಸರಳು) ಎಳೆದ ಕೂಡಲೇ ಗೇರಿಗೂ ಚಕ್ರಕ್ಕೂ ಸಂಬಂಧ ಹೋಯಿತು, ಕ್ರೌನ್ ಒಳಗಿನ ಸಣ್ಣ ಗೇರುಗಳು ಸುಮ್ನೆ ತಿರುಗುತ್ತವೆ, ಇನ್ನೊಂದು ಕಡೆಯ ಚಕ್ರವನ್ನು ಯಾವುದೂ ಹಿಡಿದಿರುವುದಿಲ್ಲ. ಡ್ರಮ್ ಎಳೆಯಬೇಕಾದರೆ ಹ್ಯಾಂಡ್ ಬ್ರೇಕ್ ಕೂಡ ಬಿಟ್ಟಿರಬೇಕು. ಹಾಗಾಗಿ ನಿಮಗೂ ಗಾಡಿಗೂ ನಡುವೆ ಇರುವುದು ಆ ದಿಮ್ಮಿ ಮಾತ್ರ. ಜಾಕಿ ಎತ್ತುವುದಕ್ಕೆ. ಎತ್ತಿದ ಮೇಲೆ ಹೌಸಿಂಗ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು ಭಾರವನ್ನು ಅದರ ಮೇಲೆ ಇಳಿಸಿ. ಇದರಲ್ಲಿ ಆತುರ ಮಾಡಿ ಕೈ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಹೊಸಬರಿಗೆ ಒಂದು ವಿಷಯ ಆಶ್ಚರ್ಯ ಅನಿಸುತ್ತದೆ. ಆಕ್ಸಲ್ ಪೂರ್ತಿ ಹೊರಗೆ ಎಳೆದರೂ ಚಕ್ರ ಅಲ್ಲೇ ನಿಂತಿರುತ್ತದೆ, ಬೀಳುವುದಿಲ್ಲ. ಲಾರಿಯಲ್ಲಿ ಆಕ್ಸಲ್ ಚಕ್ರವನ್ನು ತಿರುಗಿಸುತ್ತದೆ ಅಷ್ಟೇ, ಭಾರ ಹೊರುವುದಿಲ್ಲ. ಭಾರ ಹೊರುವುದು ಹೌಸಿಂಗಿನ ಕೊಳವೆ, ಅದರ ಮೇಲೆ ಕೂತಿರುವ ಎರಡು ಟೇಪರ್ ಬೇರಿಂಗ್. ನಾಲ್ಕು ಟೈರಿನ ಹಿಂದಿನ ಆಕ್ಸಲ್ಲಿಗೆ ಕಾನೂನಿನ ಭಾರದ ಮಿತಿ 2018ರವರೆಗೆ 10.2 ಟನ್ ಇತ್ತು, ಆಮೇಲೆ 11.5 ಮಾಡಿದರು. ಹಳೇ ಲೆಕ್ಕದಲ್ಲೇ ಹೋದರೂ ಒಂದು ಕಡೆಗೆ 5 ಟನ್ ಮೇಲೆ. ನಮ್ಮ 10.00-20 ಟೈರ್ ಒಂದು ಕಿಲೋಮೀಟರಿಗೆ ಸುಮಾರು 300 ಸುತ್ತು ಸುತ್ತುತ್ತದೆ. ಐದು ಟನ್ ಹೊತ್ತುಕೊಂಡು ಮಂಗಳೂರಿನವರೆಗೆ ಹತ್ತಿರ ಹತ್ತಿರ ಒಂದು ಲಕ್ಷ ಸುತ್ತು. ಅದಕ್ಕೆ ಸಿಗುವ ಆರೈಕೆ ಅಂದರೆ ಒಂದು ಹಿಡಿ ಗ್ರೀಸ್, ಅಷ್ಟೇ.

ಆಕ್ಸಲ್ಲಿನ ಬೋಲ್ಟ್ ಬಿಚ್ಚುವ ಮುಂಚೆ ಕೆಳಗೆ ಒಂದು ತಗಡಿನ ಡಬ್ಬಿ ಇಡಿ, ಎಣ್ಣೆ ಬರುತ್ತದೆ. ಆಕ್ಸಲ್ ಬಾಯಿಗೆ ಉಳಿ ಕೊಟ್ಟು ಬಡಿಯಬೇಡಿ, ಪ್ಯಾಕಿಂಗ್ ಕೂರುವ ಜಾಗ ಹಾಳಾಗುತ್ತದೆ. ಬೋಲ್ಟ್ ಹಾಕಿ ಎಬ್ಬಿಸುವುದಕ್ಕೆಂದೇ ಥ್ರೆಡ್ ಇರುವ ತೂತು ಇದ್ದರೆ ಅದನ್ನೇ ಬಳಸಿ. ಆಮೇಲೆ ಲಾಕ್ ವಾಷರಿನ ಕಿವಿ ಎಬ್ಬಿಸಿ, ಚೆಕ್ ನಟ್ (ಒಳಗಿನ ನಟ್ ಸಡಿಲವಾಗದ ಹಾಗೆ ಹಿಡಿಯುವುದು), ಒಳಗಿನ ನಟ್ ಬಿಚ್ಚಿ. ಇದಕ್ಕೆ ದೊಡ್ಡ ಬಾಕ್ಸ್ ಸ್ಪ್ಯಾನರೇ ಬೇಕು. ಉಳಿ ಮತ್ತು ಸುತ್ತಿಗೆಯಲ್ಲಿ ಹೊಡೆದು ಬಿಚ್ಚಿದ ಗುರುತು ನಮ್ಮ ನಟ್ಟಿನ ಮೇಲೆ ಸುತ್ತಲೂ ಇತ್ತು. ಹೊಡೆದು ಬಿಚ್ಚಿದವರು ಹೊಡೆದೇ ಬಿಗಿ ಮಾಡಿರುತ್ತಾರೆ, ಅಳತೆ ಎಲ್ಲಿಂದ ಬರಬೇಕು?

ಹಬ್ ಹೊರಗೆ ಬಂತು. ಒಳಗೆ ಗ್ರೀಸ್ ಇರಲಿಲ್ಲ. ಇದ್ದದ್ದು ಕಂದು ಬಣ್ಣದ ಅಂಬಲಿ.

ನಮ್ಮ ಗಾಡಿಯಲ್ಲಿ ಸೀಲ್ ಎರಡು ಕಡೆ ಇದೆ. ಕ್ರೌನ್ ಎಣ್ಣೆ ಆಕ್ಸಲ್ ಉದ್ದಕ್ಕೂ ಬಂದು ಹಬ್ಬಿಗೆ ಸೇರದ ಹಾಗೆ ತಡೆಯುವುದು ಒಂದು. ಹಬ್ಬಿನ ಗ್ರೀಸ್ ಡ್ರಮ್ಮಿಗೆ ಹೋಗದ ಹಾಗೆ ತಡೆಯುವುದು ಇನ್ನೊಂದು. ಮೊದಲನೆಯದನ್ನು ದಾಟಿ ಎಣ್ಣೆ ಬಂದು ಗ್ರೀಸನ್ನು ಕರಗಿಸಿ, ಎರಡನ್ನೂ ಸೇರಿಸಿಕೊಂಡು ಎರಡನೆಯದನ್ನೂ ದಾಟಿತ್ತು. ರಸ್ತೆ ಬದಿಯಲ್ಲಿ ಎರಡು ಸಲವೂ ಬದಲಿಸಿದ್ದು ಡ್ರಮ್ ಕಡೆಯ ಸೀಲ್ ಮಾತ್ರ. ಒಳಗಿನದನ್ನು ಯಾರೂ ಮುಟ್ಟಿರಲಿಲ್ಲ. (ಕೆಲವು ಗಾಡಿಗಳಲ್ಲಿ ಬೇರಿಂಗಿಗೆ ಗ್ರೀಸ್ ಬದಲು ಕ್ರೌನ್ ಎಣ್ಣೆಯೇ ಹೋಗುವ ಹಾಗೆ ಮಾಡಿರುತ್ತಾರೆ. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ, ಎರಡಕ್ಕೂ ಕೆಲಸ ಬೇರೆ.)

ಮೇಸ್ತ್ರಿ ಹೇಳಿದ ಎರಡನೇ ಕಾರಣ ಸೀಲ್ ಕೂರುವ ರಿಂಗ್. ಕೊಳವೆ ಮೇಲೆ ಒಂದು ರಿಂಗ್ ಇರುತ್ತದೆ, ಸೀಲಿನ ತುಟಿ ಅದರ ಮೇಲೆ ಉಜ್ಜಿಕೊಂಡು ತಿರುಗುತ್ತದೆ. ನೋಡಲು ಫಳಫಳ ಹೊಳೆಯುತ್ತಿತ್ತು. "ಕಣ್ಣಲ್ಲಿ ನೋಡಬೇಡ, ಉಗುರು ಹಾಕಿ ನೋಡು" ಅಂದರು. ಹೆಬ್ಬೆರಳಿನ ಉಗುರು ಅಡ್ಡ ಎಳೆದಾಗ ಒಂದು ಜಾಗದಲ್ಲಿ ಟಕ್ ಅಂತ ಸಿಕ್ಕಿಕೊಂಡಿತು. ಇನ್ನೊಂದು ಕಡೆಯಿಂದ ಎಳೆದರೂ ಅಲ್ಲೇ ಸಿಕ್ಕಿಕೊಂಡಿತು. ರಬ್ಬರ್ ತುಟಿ ವರ್ಷಗಟ್ಟಲೆ ಧೂಳಿನ ಜೊತೆ ಉಜ್ಜಿ ಉಜ್ಜಿ ಉಕ್ಕಿನಲ್ಲಿ ಗಾಡಿ ಜಾಡಿನಂತೆ ಗೆರೆ ಕೊರೆದಿತ್ತು. ಆ ಗೆರೆಯಲ್ಲಿ ಹೊಸ ಸೀಲ್ ಹಾಕಿದರೆ ತುಟಿ ಪೂರ್ತಿ ಕೂರುವುದಿಲ್ಲ. ಎಮರಿ ಪೇಪರ್ ಹೊಡೆದು ಹೊಳಪು ಕೊಟ್ಟರೂ ಗೆರೆ ಹೋಗುವುದಿಲ್ಲ. ರಿಂಗ್ ಬದಲಿಸಿದೆವು. ರಿಂಗ್ ಸಿಗದಿದ್ದರೆ ಲೇತ್‌ನಲ್ಲಿ ಸರಿ ಮಾಡಿಸಿ ಸ್ಲೀವ್ ಹಾಕಿಸಬಹುದು.

ಮೂರನೇ ಕಾರಣ ಬೇರಿಂಗ್. ಡೀಸೆಲ್‌ನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದರೆ ಒಳಗಿನ ಬೇರಿಂಗಿನ ರೋಲರ್ ಮೇಲೆ ಸಿಡುಬಿನ ಕಲೆಯಂತೆ ಸಣ್ಣ ಸಣ್ಣ ಗುಂಡಿ. ಒಂದೆರಡು ರೋಲರ್ ನೀಲಿ ತಿರುಗಿತ್ತು, ಅಂದರೆ ಮಿತಿ ಮೀರಿ ಕಾದಿದೆ. ಹೀಗೆ ಸವೆದ ಬೇರಿಂಗ್ ಇದ್ದರೆ ಹಬ್ ಅಲ್ಲಾಡುತ್ತದೆ. ಹಬ್ ಅಲ್ಲಾಡಿದರೆ ಸೀಲ್ ಕೂಡ ಅದರ ಜೊತೆ ಅಲ್ಲಾಡುತ್ತದೆ, ತುಟಿ ಒಂದು ಕಡೆ ಒತ್ತಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ತೊಳೆದ ಬೇರಿಂಗನ್ನು ಕಂಪ್ರೆಸರ್ ಗಾಳಿಯಲ್ಲಿ ಗಿರ್ರ್ ಅಂತ ತಿರುಗಿಸುವ ಹುಡುಗರಿದ್ದಾರೆ. ದಯವಿಟ್ಟು ಬೇಡ. ಒಣ ಬೇರಿಂಗಿಗೆ ಅಷ್ಟು ವೇಗಕ್ಕೆ ಅಲ್ಲೇ ಗೀರು ಬೀಳುತ್ತದೆ, ರೋಲರ್‌ಗಳನ್ನು ಹಿಡಿದಿರುವ ಕೇಜ್ ಒಡೆದು ಅವು ಸಿಡಿದರೆ ಕಣ್ಣು ಹೋಗುತ್ತದೆ.

ಬೇರಿಂಗ್ ಬದಲಿಸಿದರೆ ಹಬ್ ಒಳಗಿನ ಕಪ್ (ರೋಲರ್ ಓಡುವ ಹೊರಬಳೆ) ಕೂಡ ಬದಲಿಸಲೇಬೇಕು. ಹೊಸ ಕೋನ್ (ರೋಲರ್ ಇರುವ ಒಳಭಾಗ), ಹಳೇ ಕಪ್ ಅಂತ ದುಡ್ಡು ಉಳಿಸಲು ಹೋಗಬೇಡಿ, ಹಳೇ ಕಪ್ಪಿನ ಗುಂಡಿ ಹೊಸ ರೋಲರನ್ನು ಕೆಲವೇ ದಿನದಲ್ಲಿ ತಿಂದುಹಾಕುತ್ತದೆ. ನಂಬರ್ ಬೇರಿಂಗಿನ ಪಕ್ಕದ ಮೈಮೇಲೆ ಕೊರೆದಿರುತ್ತದೆ. ಬರೆದುಕೊಂಡು ಹೋಗಿ, ಸಾಧ್ಯವಾದರೆ ಹಳೆಯದನ್ನೇ ಒಯ್ಯಿರಿ.

ಹೊಸ ಕಪ್ ಕೂರಿಸುವಾಗ ಮೇಸ್ತ್ರಿ ರೇಡಿಯೋ ಆಫ್ ಮಾಡಿಸಿದರು. ಹಿತ್ತಾಳೆ ಕಂಬಿ ಇಟ್ಟು ಸುತ್ತಲೂ ಒಂದೊಂದೇ ಏಟು, ಎದುರು ಬದುರಾಗಿ. ಮೊದಲು ಠಣ್ ಠಣ್ ಅಂತ ಪಾತ್ರೆ ಬಡಿದ ಹಾಗೆ ಕೇಳುತ್ತಿತ್ತು. ಕಪ್ ಪೂರ್ತಿ ತಳಕ್ಕೆ ಕೂತ ಕೂಡಲೇ ಆ ಸದ್ದು ಸತ್ತು ದಪ್ಪಗಾಯಿತು, ಕಲ್ಲಿಗೆ ಹೊಡೆದ ಹಾಗೆ. "ಕೇಳ್ತಾ?" ಅಂದರು. ಕೇಳಿಸಿತು. ಆ ಒಂದು ಸದ್ದಿಗೋಸ್ಕರ ರೇಡಿಯೋ ಆಫ್ ಮಾಡಿಸಿದ್ದು.

ಗ್ರೀಸ್ ವಿಷಯ. ನಾವು ಹಾಕಿದ್ದು ಲಿಥಿಯಂ ಗ್ರೀಸ್, ಅಂಗಡಿಯಲ್ಲಿ ಎಪಿ-3 ಅಂದರೆ ಕೊಡುತ್ತಾರೆ. ಪಾಟಾ, ಪಿನ್ನುಗಳಿಗೆ ಹೊಡೆಯುವ ಅಗ್ಗದ ಗ್ರೀಸ್ ಬೇಡ. ಹಳೇ ಕಾಲದ ಕ್ಯಾಲ್ಸಿಯಂ ಗ್ರೀಸ್ 100 ಡಿಗ್ರಿ ಹತ್ತಿರ ಕರಗಿ ಹರಿಯುತ್ತದೆ, ಲಿಥಿಯಂ 180 ಡಿಗ್ರಿ ಆಸುಪಾಸಿನವರೆಗೆ ನಿಲ್ಲುತ್ತದೆ. ಘಾಟ್ ಇಳಿದ ಡ್ರಮ್ಮಿನ ಪಕ್ಕದಲ್ಲಿರುವ ಬೇರಿಂಗಿಗೆ ಯಾವುದು ಬೇಕು ಅಂತ ನೀವೇ ನೋಡಿ. ಎರಡು ಜಾತಿಯ ಗ್ರೀಸ್ ಬೆರೆಸಲೂ ಬೇಡಿ. ಹಳೆಯದನ್ನು ಪೂರ್ತಿ ತೊಳೆದು ಹಾಕಿ.

ತುಂಬುವುದು ಕೈಯಲ್ಲೇ. ಎಡ ಅಂಗೈ ಮೇಲೆ ನಿಂಬೆಹಣ್ಣಿನಷ್ಟು ಗ್ರೀಸ್ ಇಟ್ಟುಕೊಂಡು, ಬಲಗೈಯಲ್ಲಿ ಬೇರಿಂಗಿನ ಅಗಲದ ಬಾಯಿ ಕೆಳಗೆ ಮಾಡಿ, ಅಂಗೈ ಅಂಚಿಗೆ ಒತ್ತಿ ಒತ್ತಿ ಎಳೆಯಬೇಕು. ಕೇಜ್ ಸಂದಿಯಲ್ಲಿ ಗ್ರೀಸ್ ಏರುತ್ತಾ ಏರುತ್ತಾ ಮೇಲಿನ ಕಡೆ ಶ್ಯಾವಿಗೆಯಂತೆ ಹೊರಗೆ ಬಂದಾಗ ಆ ಜಾಗ ತುಂಬಿತು ಅಂತ ಅರ್ಥ. ಸ್ವಲ್ಪ ತಿರುಗಿಸಿ ಮತ್ತೆ ಶುರು. ಒಂದು ಬೇರಿಂಗಿಗೆ ಐದು ನಿಮಿಷ ಬೇಕು. ಮೇಲೆ ಸವರಿದರೆ ಒಳಗೆ ಹೋಗುವುದಿಲ್ಲ. ಹಾಗಂತ ಹಬ್ಬಿನ ಹೊಟ್ಟೆ ಪೂರ್ತಿ ತುಂಬಬೇಡಿ, ಮೂರನೇ ಒಂದು ಭಾಗದಿಂದ ಅರ್ಧ ಸಾಕು. ಜಾಸ್ತಿ ತುಂಬಿದರೆ ಗ್ರೀಸ್ ತನ್ನನ್ನೇ ಕಲಕಿಕೊಂಡು ಬಿಸಿಯಾಗುತ್ತದೆ, ಉಬ್ಬಿ ಸೀಲನ್ನೇ ತಳ್ಳುತ್ತದೆ.

ಸೀಲ್ ಕೂರಿಸುವಾಗ ಸ್ಪ್ರಿಂಗ್ ಇರುವ ತುಟಿ ಯಾವುದನ್ನು ತಡೆಯಬೇಕೋ ಆ ಕಡೆಗೆ. ತುಟಿಗೆ ಮೊದಲು ಗ್ರೀಸ್ ಸವರಿ, ಒಣ ರಬ್ಬರ್ ಮೊದಲ ಕಿಲೋಮೀಟರಿನಲ್ಲೇ ಸುಡುತ್ತದೆ. ಸುತ್ತಿಗೆಯಿಂದ ನೇರ ಹೊಡೆದರೆ ತಗಡು ಸೊಟ್ಟಗಾಗುತ್ತದೆ. ಅಗಲದ ಮರದ ತುಂಡು ಅಥವಾ ಅದೇ ಅಳತೆಯ ಹಳೇ ಕಪ್ ಮೇಲಿಟ್ಟು ಸಮವಾಗಿ ಇಳಿಸಿ. ನಾವು ಎರಡೂ ಸೀಲ್ ಬದಲಿಸಿದೆವು.

ನಟ್ ಬಿಗಿ ಮಾಡುವುದೇ ಇಡೀ ಕೆಲಸದ ಜೀವ. ಹಬ್ ತಿರುಗಿಸುತ್ತಾ ತಿರುಗಿಸುತ್ತಾ ನಟ್ ಬಿಗಿ ಮಾಡಬೇಕು, ಆಗ ರೋಲರ್‌ಗಳು ನೆಟ್ಟಗೆ ಕೂರುತ್ತವೆ. ನಿಲ್ಲಿಸಿಕೊಂಡು ಬಿಗಿ ಮಾಡಿದರೆ ಸುಳ್ಳು ಬಿಗಿ. ಹಬ್ ತಿರುಗಿಸಲು ಭಾರ ಅನಿಸಿದಾಗ ನಟ್ಟನ್ನು ಆರನೇ ಒಂದು ಭಾಗದಿಂದ ಕಾಲು ಸುತ್ತು ಹಿಂದಕ್ಕೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದನ್ನೇ ಹಿಡಿಯಿರಿ. ಲಾಕ್ ವಾಷರ್, ಚೆಕ್ ನಟ್ ಹಾಕಿ ಬಿಗಿ ಮಾಡಿದ ಮೇಲೆ ಮತ್ತೆ ನೋಡಬೇಕು, ಯಾಕೆಂದರೆ ಚೆಕ್ ನಟ್ ಬಿಗಿಯಾದಾಗ ಒಳಗಿನದು ಇನ್ನೊಂಚೂರು ಒತ್ತುತ್ತದೆ. ಉಳಿಯಬೇಕಾದ ಆಟ (ಹಬ್ ಒಳಗೆ ಹೊರಗೆ ಅಲ್ಲಾಡುವ ಸಂದು) 0.025ರಿಂದ 0.125 ಮಿ.ಮೀ. ಕೂದಲೆಳೆಯಷ್ಟು. ಡಯಲ್ ಗೇಜ್ ಇದ್ದರೆ ಅಳೆಯಿರಿ. ನಮ್ಮ ಮೇಸ್ತ್ರಿ ಹತ್ತಿರ ಇದೆ, ಹಳೇ ಬಟ್ಟೆಯಲ್ಲಿ ಸುತ್ತಿ ಬೀಗ ಹಾಕಿ ಇಟ್ಟಿರುತ್ತಾರೆ. ಆಟ ಜಾಸ್ತಿ ಇದ್ದರೆ ಸೀಲ್ ಹೋಗುತ್ತದೆ. ಆಟವೇ ಇಲ್ಲದ ಹಾಗೆ ಬಿಗಿ ಮಾಡಿದರೆ ಇನ್ನೂ ಕೆಟ್ಟದ್ದು, ಬಿಸಿಯಾದಾಗ ಬೇರಿಂಗ್ ಕಚ್ಚಿಕೊಂಡು ಹಬ್ಬೇ ಸುಡುತ್ತದೆ.

ಎಣ್ಣೆ ಕುಡಿದ ಲೈನರ್ ತೊಳೆದು ಹಾಕಬಹುದಾ ಅಂತ ಕೇಳುತ್ತಾರೆ. ಪೆಟ್ರೋಲ್ ಹಾಕಿ ತೊಳೆದರೂ, ಬೆಂಕಿಗೆ ಹಿಡಿದರೂ ಆಗಲ್ಲ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಎರಡೂ ಕಡೆ ಹೊಸದು ಹಾಕಿಸಿದೆ, ಒಂದೇ ಕಡೆ ಹಾಕಿದರೆ ಮತ್ತೆ ಎಳೆತ ಶುರು. ಹಳೇ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೊನೆಗೆ ಕ್ರೌನ್ ಎಣ್ಣೆ. ಇಪಿ 90, ತುಂಬುವ ತೂತಿನ ಅಂಚಿನವರೆಗೆ, ಗಾಡಿ ಸಮನಾದ ಜಾಗದಲ್ಲಿ ನಿಂತಿರಬೇಕು. ಇರಲಿ ಅಂತ ಜಾಸ್ತಿ ಹಾಕಿದರೆ ಅದೂ ಹಬ್ ಕಡೆಗೇ ಬರುತ್ತದೆ. ಬ್ರೀದರ್ ಬಿಚ್ಚಿ, ಡೀಸೆಲ್‌ನಲ್ಲಿ ನೆನೆಸಿ, ಬಾಯಿಂದ ಊದಿ ನೋಡಿ ಹಾಕಿದೆವು. ಹೊಸದು ಕೊಂಡರೂ ಒಂದು ಸೀಲಿನಷ್ಟೂ ಆಗುವುದಿಲ್ಲ. ಈಗ ಅದಕ್ಕೆ ಕೆಂಪು ಬಣ್ಣದ ತಂತಿ ಸುತ್ತಿದ್ದೇನೆ, ಮುಂದಿನ ಸಲ ಪೇಂಟ್ ಹೊಡೆಯುವವರಿಗೆ ಕಾಣಲಿ ಅಂತ.

ಹೋದ ವಾರ ಮತ್ತೆ ಮಂಗಳೂರು ಲೋಡ್ ಇತ್ತು. ಶಿರಾಡಿ ಇಳಿದು ಅದೇ ಗುಂಡ್ಯದ ಹತ್ತಿರ ನಿಲ್ಲಿಸಿದೆ. ಮೊದಲು ಎಡಗಡೆ, ಆಮೇಲೆ ಬಲಗಡೆ, ಕೈಯ ಹಿಂಭಾಗ ಹಬ್ಬಿಗೆ ಇಟ್ಟು ನೋಡಿದೆ. ಎರಡೂ ಒಂದೇ ಬಿಸಿ. ಟಾರ್ಚ್ ಹಾಕಿ ಒಳಗಿನ ಟೈರ್ ನೋಡಿದೆ, ಬರೀ ಧೂಳು ಇತ್ತು, ಒಣ ಧೂಳು. ಬಲಗಡೆಯ ಹಬ್ ಇನ್ನೂ ಬಿಚ್ಚಿಲ್ಲ. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಇನ್ನು ಒಂದು ತಿಂಗಳಿದೆ, ಅಷ್ಟರೊಳಗೆ ಅದನ್ನೂ ಮಾಡುತ್ತೇವೆ. ಎರಡು ಸೀಲ್, ಒಂದು ರಿಂಗ್ ತಂದು ಮೇಸ್ತ್ರಿ ಹತ್ತಿರ ಕೊಟ್ಟಾಗಿದೆ.